ಆರೂ ನಲವತ್ತರ ನಿಲ್ದಾಣ

ಆ ಸಂಜೆ ತಟ್ಟೆ ಗೋಡೆಗೆ ಬಡಿಯಲಿಲ್ಲ, ಬರೀ ನೆಲಕ್ಕೆ ಬಿತ್ತು, ಅಷ್ಟರಮಟ್ಟಿಗೆ ಪುಣ್ಯ.

“ನಾನೇನು ಬೇಕೂಂತ ಬೀಳಿಸಿದ್ನಾ?” ಎಂದು ಬುಗುರಿ ಕಿರುಚಿದಳು.

“ಬೇಕೂಂತ ಬೀಳಿಸಿದೆ ಅಂತ ಯಾರಾದ್ರೂ ಅಂದ್ರಾ?” ಎಂದಳು ತಾಯಿ.

“ನಿನ್ನ ಮುಖ ಅಂತಿದೆ!”

“ನನ್ನ ಮುಖ ಇರೋದೇ ಹೀಗೆ. ಬೆಳಗಿಂದ ಹಬೆ ಮುಂದೆ ನಿಂತು ಬಂದ ಮುಖ, ಅರಳಿಕೊಂಡು ಇರುತ್ತಾ?”

ತಾಯಿ ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಮಗಳು ಹೊಲಿಗೆ ಕಾರ್ಖಾನೆಯಲ್ಲಿ ಕತ್ತರಿ ಹಿಡಿದವಳು. ಈಗ ಇಪ್ಪತ್ತಾರು ವರ್ಷ, ಆದರೂ ಕೂತಲ್ಲಿ ಕೂರದ ಮಗುವಿಗೆ ಅಜ್ಜಿ ಇಟ್ಟ ‘ಬುಗುರಿ’ ಅನ್ನುವ ಹೆಸರೇ ನಿಂತುಬಿಟ್ಟಿತ್ತು. ಆ ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಈ ಗಲಾಟೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ತುಟಿಯಲ್ಲೇ ಪದ್ಯ ಹೇಳಿಕೊಳ್ಳುತ್ತಿದ್ದಳು. ನೆಲದ ಮೇಲೆ ಮಂಡಿಯೂರಿ ಅನ್ನದ ಅಗುಳು ಬಳಿಯುತ್ತಿದ್ದವರು ಮನೆಯ ಯಜಮಾನರು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಾಲ್ಕು ತಿಂಗಳ ಹಿಂದೆ ನಿವೃತ್ತರಾದರೂ ಬೀದಿಗೆಲ್ಲ ಅವರು ಈಗಲೂ ಡ್ರೈವರೇ.

“ಈ ಮಾತ್ರೆ ಶುರು ಮಾಡಿದ ಮೇಲೆ ಇವಳು ಸಂಜೆ ಹೊತ್ತು ಮುಟ್ಟಿದ್ರೆ ಸಿಡೀತಾಳೆ,” ಎಂದಳು ಹೆಂಡತಿ. “ಬಿಸಾಕಿ ಅಂದೆ. ನನ್ನ ಮಾತು ಯಾರು ಕೇಳ್ತಾರೆ?”

“ಮಾತ್ರೆ ಬಿಟ್ರೆ ಮೇಜು ಹೋಗುತ್ತೆ ಅಮ್ಮಾ!”

ಮೇಜು ಎಂದರೆ ಕಾರ್ಖಾನೆಯ ಕಟಿಂಗ್ ಮೇಜು. ಇಪ್ಪತ್ತು ಅಡಿ ಉದ್ದ. ಅದರ ಮುಂದೆ ನಲವತ್ತು ವರ್ಷ ನಿಂತ ಕತ್ತರಿ ಮೇಷ್ಟ್ರಿಗೆ ಈಗ ಕಣ್ಣು ಮಂಜು. ಬುಗುರಿಯ ಕೈಚಳಕ ಅವರಿಗೆ ಗೊತ್ತಿತ್ತು, ಅವಳ ಮರೆವೂ ಗೊತ್ತಿತ್ತು. ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಕಾರ್ಖಾನೆಯೆಲ್ಲ ಟೇಪು ಹುಡುಕುವವಳು. ಕಾಲರಿಗೆ ಗೆರೆ ಎಳೆಯುತ್ತಿದ್ದಾಗ ಗುಂಡಿಯ ನೆನಪಾಗಿ ಗುಂಡಿ ಡಬ್ಬಿ ಬಿಚ್ಚಿ ಕೂರುವವಳು. ಒಂದು ದಿನ ಅವರೇ ಹೇಳಿದ್ದರು: “ಬ್ಯಾಂಡಿನವರ ಅರವತ್ತು ಕೋಟು ಹೊಲಿಯೋ ಕೆಲಸ ಬಂದಿದೆ. ಆರು ವಾರ. ಅದು ಮುಗಿಯೋ ದಿನ ಹೇಳ್ತೀನಿ, ಈ ಮೇಜು ನಿನಗೋ, ಹೊರಗಿಂದ ಬರೋ ಇನ್ನೊಬ್ಬರಿಗೋ ಅಂತ.”

ಆ ಮಾತು ಕೇಳಿದ ಮೇಲೆಯೇ ಬುಗುರಿ ತಾನಾಗಿ ಡಾಕ್ಟ್ರಮ್ಮನ ಹತ್ತಿರ ಹೋದದ್ದು. ಡಾಕ್ಟ್ರಮ್ಮ ಮೂರು ಸಲ ಕರೆಸಿ, ಎರಡು ಹಾಳೆ ತುಂಬ ಪ್ರಶ್ನೆ ಕೇಳಿ, ಇದಕ್ಕೆ ಎಡಿಎಚ್‌ಡಿ ಅಂತಾರೆ, ಗಮನ ಒಂದು ಕಡೆ ನಿಲ್ಲದ ತೊಂದರೆ, ಹುಟ್ಟಿನಿಂದ ಬಂದದ್ದು, ಸೋಮಾರಿತನವೂ ಅಲ್ಲ ಪೊಗರೂ ಅಲ್ಲ ಎಂದು ಹೇಳಿ ಬೆಳಗ್ಗೆಗೊಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ತೆಗೆದುಕೊಂಡ ದಿನ ಹನ್ನೊಂದು ಗಂಟೆಯವರೆಗೆ ಕೆಲಸ ನೀರು ಹರಿದ ಹಾಗೆ ಹರಿಯುತ್ತಿತ್ತು. ಆಮೇಲೆ ತಲೆ ಸಿಡಿತ, ಬೆರಳಲ್ಲಿ ಸಣ್ಣ ನಡುಕ. ಮನೆಗೆ ಬರುವ ಹೊತ್ತಿಗೆ ಮೈಯೆಲ್ಲ ಮುಳ್ಳು.

ಮರುದಿನ ಡ್ರೈವರು ಮಗಳ ಜೊತೆ ತಾವೂ ಹೋಗಿ ಡಾಕ್ಟ್ರಮ್ಮನ ಮುಂದೆ ಕೂತರು.

“ಮಾತ್ರೆ ಯಾವಾಗ ತಗೋತೀಯಮ್ಮ?”

“ಏಳು ಗಂಟೆಗೆ. ಚಹಾ ಜೊತೆ.”

“ಚಹಾ ಜೊತೆ ಏನು ತಿಂತೀಯ?”

“ಇನ್ನೊಂದು ಚಹಾ.”

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. “ಮಧ್ಯಾಹ್ನ?”

“ಹಸಿವೇ ಆಗಲ್ಲ. ಮಾತ್ರೆ ಒಳಗೆ ಹೋದ್ರೆ ಊಟ ಕಂಡ್ರೆ ಬೇಡ ಅನ್ಸುತ್ತೆ.”

“ಅಲ್ಲಿಗೆ ಬೆಳಗಿಂದ ಸಂಜೆವರೆಗೆ ಖಾಲಿ ಹೊಟ್ಟೆ. ನೋಡಿ,” ಎಂದು ಡಾಕ್ಟ್ರಮ್ಮ ಡ್ರೈವರ ಕಡೆ ತಿರುಗಿದರು, “ಮಾತ್ರೆ ಹಸಿವನ್ನ ಅಡಗಿಸುತ್ತೆ. ಅದಕ್ಕೇ ಮಾತ್ರೆಗಿಂತ ಮುಂಚೆ ತಿನ್ನಬೇಕು. ಬ್ರೆಡ್ಡು ಸಕ್ಕರೆ ಅಲ್ಲ. ಮೊಟ್ಟೆ, ಕಾಳು, ಹಾಲು, ಮೊಸರು, ಕಡಲೆಬೀಜ, ಮೀನು, ಹೀಗೆ ಪ್ರೊಟೀನ್ ಇರೋದು. ಹೊಟ್ಟೇಲಿ ಅದು ನಿಧಾನಕ್ಕೆ ಕರಗುತ್ತೆ, ಮೈಗೆ ಆಸರೆ ಇರುತ್ತೆ. ಊಟ ಮಾತ್ರೆಯ ಬದಲಿಗಲ್ಲ, ಮಾತ್ರೆಯ ಜೊತೆಗೆ. ಗೊತ್ತಾಯ್ತಾ?”

“ಗೊತ್ತಾಯ್ತು, ಗೊತ್ತಾಯ್ತು,” ಎಂದರು ಡ್ರೈವರು. ಅವರ ಕಿವಿಯಲ್ಲಿ ಆಗಲೇ ಇಂಜಿನ್ನು ಗುರುಗುಟ್ಟುತ್ತಿತ್ತು. ನಾಲ್ಕು ತಿಂಗಳಿಂದ ಕೈಗೆ ಕೆಲಸವಿಲ್ಲದೆ, ಹೆಂಡತಿ ಒರೆಸಿದ್ದನ್ನೇ ಮತ್ತೆ ಒರೆಸಿ ಬೈಸಿಕೊಳ್ಳುತ್ತಿದ್ದ ಮನುಷ್ಯನಿಗೆ ಒಂದು ಬಸ್ಸು ಸಿಕ್ಕಿಬಿಟ್ಟಿತ್ತು.

ಅದೇ ಸಂಜೆ ಒಂದು ದೊಡ್ಡ ರಟ್ಟಿನ ಮೇಲೆ ಕೆಂಪು ನೀಲಿ ಶಾಯಿಯಲ್ಲಿ ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದರು. ಐದೂ ಐವತ್ತು: ಒಲೆ. ಆರೂ ಹತ್ತು: ಮೊಟ್ಟೆ. ಆರೂ ಇಪ್ಪತ್ತೈದು: ಪ್ರಯಾಣಿಕರು ಆಸನದಲ್ಲಿ. ಆರೂ ನಲವತ್ತು: ಮಾತ್ರೆ. ಏಳು: ಹೊರಡುವುದು.

ಹೆಂಡತಿ ಓದಿ ಸೊಂಟಕ್ಕೆ ಕೈ ಕೊಟ್ಟಳು. “ಮೂವತ್ತು ವರ್ಷದಲ್ಲಿ ಒಂದು ಲೋಟ ನೀರು ಕಾಯಿಸಿಕೊಂಡಿಲ್ಲ. ಇವರು ಮೊಟ್ಟೆ ಬೇಯಿಸ್ತಾರಂತೆ!”

“ನೋಡ್ತಾ ಇರು ನೀನು.”

“ನೋಡ್ತೀನಿ ರೀ. ಪಾತ್ರೆ ತಳ ಹಿಡಿದಾಗ ಉಜ್ಜೋದೂ ನಾನೇ ಅಲ್ವಾ, ಹತ್ತಿರದಿಂದಲೇ ನೋಡ್ತೀನಿ.”

ಮೊದಲ ದಿನ ಮೊಟ್ಟೆ ಒಡೆದು ನೀರೆಲ್ಲ ಬಿಳೀ ಬಿಳೀ ಆಯಿತು. ಎರಡನೇ ದಿನ ಹಸಿ. ಮೂರನೇ ದಿನ ಎಷ್ಟು ಬೆಂದಿತ್ತೆಂದರೆ ಬುಗುರಿ ಅದನ್ನು ಮೇಜಿನ ಮೇಲೆ ಪುಟಿಸಿ ತೋರಿಸಿದಳು.

“ನನಗೆ ಬೆಳಗ್ಗೆ ಗಂಟಲಲ್ಲಿ ಇಳಿಯಲ್ಲ ಅಪ್ಪಾ. ಬಿಟ್ಟುಬಿಡು.”

“ಅರ್ಧ ತಿನ್ನು.”

“ಕಾಲು.”

“ಇದೇನು ಸಂತೆ ವ್ಯಾಪಾರಾನಾ? ಅರ್ಧ, ಅದರ ಮೇಲೆ ಎರಡು ಚಮಚ ಮೊಸರು.”

ಮೊಟ್ಟೆಯ ಹದ ಸಿಕ್ಕಿದ್ದು ಅಜ್ಜಿಯಿಂದ. ಅಜ್ಜಿ ದಿನಾ ಬೆಳಗ್ಗೆ ಸ್ನಾನ ಮಾಡಿ ಅಡುಗೆಮನೆಯ ಬಾಗಿಲಲ್ಲಿ ಕೂತು ದೇವರ ಪದ್ಯ ಹೇಳುವಳು. ಎಂಬತ್ತರ ಗಂಟಲಾದರೂ ಒಂದು ಅಕ್ಷರ ಜಾರದು, ಒಂದು ಉಸಿರು ಹೆಚ್ಚಾಗದು. ಗಡಿಯಾರ ನೋಡಲು ಹೊರಕೋಣೆಗೆ ಓಡಿ ಓಡಿ ಸುಸ್ತಾದ ಡ್ರೈವರು ಒಂದು ದಿನ ಗಮನಿಸಿದರು: ನೀರು ಕುದಿ ಬಂದಾಗಿನಿಂದ ಅಮ್ಮ ಹನ್ನೊಂದನೇ ಪದ್ಯ ಮುಗಿಸುವ ಹೊತ್ತಿಗೆ ಮೊಟ್ಟೆ ಹದವಾಗಿರುತ್ತಿತ್ತು. ಹಳದಿ ಗಟ್ಟಿ, ನಡುವೆ ಮಾತ್ರ ಮೆತ್ತಗೆ.

“ಅಮ್ಮಾ, ಇವತ್ತು ಸ್ವಲ್ಪ ಬೇಗ ಹೇಳ್ತಿದೀಯ, ನಿಧಾನ!” ಎಂದು ಅವರು ಒಳಗಿನಿಂದ ಕೂಗಿದರು.

ಅಜ್ಜಿ ಪದ್ಯ ನಿಲ್ಲಿಸಿ ಕಣ್ಣು ಬಿಟ್ಟಳು. “ನಾನು ದೇವರನ್ನ ಕರೀತಿರೋದು ನಿನ್ನ ಮೊಟ್ಟೆ ಬೇಯಿಸೋಕಾ?”

“ದೇವರೇನು ಬೇಜಾರು ಮಾಡ್ಕೊಳಲ್ಲಮ್ಮ. ಮೊಮ್ಮಗಳಿಗೆ ತಾನೇ?”

ಅಜ್ಜಿ ಕಣ್ಣು ಮುಚ್ಚಿ ಪದ್ಯ ಮುಂದುವರಿಸಿದಳು. ಆದರೆ ಮಾರನೆಯ ದಿನದಿಂದ ಒಲೆಯ ಮೇಲೆ ನೀರು ಕುದಿಯುವ ಸದ್ದು ಕೇಳಿದ ಮೇಲೆಯೇ ಮೊದಲ ಪದ್ಯ ಎತ್ತಿಕೊಂಡಳು. ಡ್ರೈವರು ಅದನ್ನು ಕಂಡೂ ಕಾಣದಂತೆ ಇದ್ದರು.

ಎರಡನೇ ವಾರಕ್ಕೆ ಅರ್ಧ ಮೊಟ್ಟೆ ಒಂದಾಯಿತು, ಒಂದು ಎರಡಾಯಿತು. ಮೊಟ್ಟೆ ಬೇಸರವೆಂದ ದಿನ ನೆನೆಸಿ ಬೇಯಿಸಿದ ಕಾಳಿಗೆ ಈರುಳ್ಳಿ ಹಚ್ಚಿ, ನಿಂಬೆ ಹಿಂಡಿ ಕೊಟ್ಟರು. ಅದೂ ಬೇಡವೆಂದ ದಿನ ಹುರಿದ ಕಡಲೆಬೀಜ ಮತ್ತು ಗಟ್ಟಿ ಹಾಲು. ಒಂದು ಭಾನುವಾರ ಸಂತೆಯಲ್ಲಿ ಮೀನಿನವಳನ್ನು ಹಿಡಿದು ನಿಲ್ಲಿಸಿ, “ಮುಳ್ಳಿಲ್ಲದ್ದು, ಬೇಗ ಬೇಯೋದು, ಬೆಳಗ್ಗೆ ಆರೂ ಇಪ್ಪತ್ತೈದಕ್ಕೆ ಹೊಟ್ಟೆಗೆ ಭಾರ ಆಗದ್ದು ಯಾವುದು?” ಎಂದು ಕೇಳಿದರು. ಅವಳು, “ಅಂಥ ಮೀನು ಸಮುದ್ರದಲ್ಲಿ ಇನ್ನೂ ಹುಟ್ಟಿಲ್ಲ ಸ್ವಾಮಿ,” ಎಂದು ನಕ್ಕಳು.

ಇಷ್ಟೆಲ್ಲ ಆದದ್ದಕ್ಕೆ ಫಲ ಕಂಡಿತೇ ಎಂದರೆ, ಕಂಡಿತು! ಮೂರನೇ ವಾರದ ಗುರುವಾರ ಬುಗುರಿ ಹಾಡು ಗುನುಗುತ್ತ ಮನೆಗೆ ಬಂದಳು. ಚಪ್ಪಲಿ ಎರಡನ್ನೂ ಒಂದೇ ಕಡೆ ಬಿಟ್ಟಳು.

“ತಲೆನೋವು?” ಎಂದರು ಡ್ರೈವರು, ಬಾಗಿಲಲ್ಲೇ.

“ಇಲ್ಲ.”

“ನಡುಕ?”

ಅವಳು ಎರಡೂ ಕೈ ಚಾಚಿದಳು. ಹತ್ತು ಬೆರಳೂ ನೆಟ್ಟ ಹಾಗೆ ನಿಂತಿದ್ದವು. “ಅಪ್ಪಾ, ಕೇಳು ಕೇಳು. ಇವತ್ತು ಕೋಟಿನ ಬೆನ್ನಿನ ತುಂಡು ಎಲ್ಲಾ ಮುಗಿಸಿದೆ. ನಲವತ್ತು ಪದರ ಹಾಸಿ, ರಟ್ಟಿನ ನಮೂನೆ ಇಟ್ಟು, ಸೀಮೆಸುಣ್ಣದ ಗೆರೆ ಎಳೆದು, ಕತ್ತರಿಸೋ ಮಷೀನ್ ಹಾಯಿಸಿದೆ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಮೇಷ್ಟ್ರು ಅಳತೆ ಹಿಡಿದ್ರು. ಕೂದಲೆಳೆ ವ್ಯತ್ಯಾಸ ಇಲ್ಲ! ಅವರು ಏನಂದ್ರು ಗೊತ್ತಾ?”

“ಏನಂದ್ರು? ಬೇಗ ಹೇಳೇ!”

“‘ಹೂಂ’ ಅಂದ್ರು.”

“ಅಷ್ಟೇನಾ?”

“ನಲವತ್ತು ವರ್ಷದಲ್ಲಿ ಅವರು ಯಾರಿಗೂ ಹೂಂ ಅಂದಿಲ್ಲಂತೆ ಅಪ್ಪಾ! ಹೊಲಿಗೆಯವರೆಲ್ಲ ಮಷೀನ್ ನಿಲ್ಲಿಸಿ ನೋಡಿದ್ರು!”

ಆ ದಿನ ಊಟಕ್ಕೆ ಕೂತಾಗ ತಾಯಿಯೂ ಮಗಳೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ನಗುತ್ತಿದ್ದರು. ಡ್ರೈವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಹಾಲಿನವನಿಗೆ ಹೇಳಿದರು, ಕ್ಷೌರಿಕನಿಗೆ ಹೇಳಿದರು, ಹಳೇ ಡಿಪೋಗೆ ಹೋಗಿ ಡ್ಯೂಟಿಗೆ ಹೊರಟವರನ್ನು ತಡೆದು ಹೇಳಿದರು: “ಎಲ್ಲ ಬೆಳಗಿನ ತಿಂಡಿ ಮಹಿಮೆ ಕಣ್ರಯ್ಯಾ. ಎರಡು ಮೊಟ್ಟೆ, ಒಂದು ಲೋಟ ಹಾಲು. ನನ್ನ ಮಗಳನ್ನ ಬಂದು ನೋಡಿ!” ಮೊದಮೊದಲು ಹೇಳುವಾಗ ಮಾತ್ರೆಯ ಹೆಸರೂ ಇರುತ್ತಿತ್ತು. ಹೇಳುತ್ತ ಹೇಳುತ್ತ ಅದು ಬಾಲದಂತೆ ಸಣ್ಣದಾಗಿ ಕೊನೆಗೆ ಉದುರಿಹೋಯಿತು.

ನಾಲ್ಕನೇ ವಾರದ ಭಾನುವಾರ ಡ್ರೈವರು ವೇಳಾಪಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಬಸ್ಸಿನ ಕಾಲದಲ್ಲಿ ಅವರಿಗೊಂದು ಹೆಸರಿತ್ತು: ಯಾರೂ ಹತ್ತದ, ಯಾರೂ ಇಳಿಯದ ನಿಲ್ದಾಣ ಕಂಡರೆ ಡಿಪೋಗೆ ಅರ್ಜಿ ಬರೆದು ರದ್ದು ಮಾಡಿಸುವ ಡ್ರೈವರು ಅಂತ. ಆರು ನಿಲ್ದಾಣ ಹಾಗೆ ತೆಗೆಸಿದ್ದರು. ಪ್ರತಿಯೊಂದಕ್ಕೂ ಎರಡು ನಿಮಿಷ ಉಳಿಯಿತೆಂದು ಇವತ್ತಿಗೂ ಹೆಮ್ಮೆ.

“ಇಂಜಿನ್ ಚೆನ್ನಾಗಿ ಓಡ್ತಿದೆ,” ಎಂದರು ಮಗಳಿಗೆ. “ಊಟ ಹತ್ತಿದೆ, ನಿದ್ದೆ ಬರ್ತಿದೆ, ಕೈ ನಿಂತಿದೆ. ಇನ್ನೂ ಈ ಆರೂ ನಲವತ್ತಕ್ಕೆ ಯಾಕೆ ನಿಲ್ಲಬೇಕು?”

ಬುಗುರಿ ಹಾಲಿನ ಲೋಟ ಹಿಡಿದು ಅನುಮಾನಿಸಿದಳು. “ಬಿಡಬಹುದಾ?”

“ಹೊಟ್ಟೆ ತುಂಬಿದ್ರೆ ತಲೆ ತಾನಾಗೇ ನಿಲ್ಲುತ್ತೆ. ಕಣ್ಣಾರೆ ನೋಡ್ತಿಲ್ವಾ?”

“ನಾನು ಮೊದಲಿಂದ ಹೇಳ್ತಾನೇ ಇದೀನಿ,” ಎಂದಳು ಹೆಂಡತಿ. “ಕೊನೆಗೂ ಒಂದು ವಿಷಯದಲ್ಲಿ ನಿಮ್ಮಪ್ಪನಿಗೆ ಬುದ್ಧಿ ಬಂತು.”

“ಡಾಕ್ಟ್ರಮ್ಮನ್ನ ಒಂದು ಮಾತು ಕೇಳಬೇಕಿತ್ತೇನೋ,” ಎಂದಳು ಅಜ್ಜಿ.

“ಭಾನುವಾರ ಅವರನ್ನ ಯಾಕೆ ಎಬ್ಬಿಸೋದಮ್ಮ?”

ಬುಗುರಿ ಅಪ್ಪನ ಮುಖ ನೋಡಿದಳು. ಇಷ್ಟು ಖುಷಿಯಾಗಿ ಅವರನ್ನು ಕಂಡು ಎಷ್ಟೋ ವರ್ಷವಾಗಿತ್ತು. “ಮಾತ್ರೆ ಇಲ್ಲದೇನೂ ನಾನು ಸರಿಯಾಗಿ ಇದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ,” ಎಂದಳು. ಡ್ರೈವರು ಕೆಂಪು ಪೆನ್ನು ತೆಗೆದು, ಅಳತೆಗೋಲು ಹಿಡಿದು, ಆರೂ ನಲವತ್ತರ ಮೇಲೆ ನೇರವಾಗಿ ಒಂದು ಗೆರೆ ಎಳೆದರು.

ಸೋಮವಾರ ಎರಡು ಮೊಟ್ಟೆ. ಮಂಗಳವಾರ ಕಾಳು, ಮೊಸರು. ಬುಧವಾರ ಮತ್ತೆ ಮೊಟ್ಟೆ, ಅದರ ಮೇಲೆ ಮೆಣಸಿನ ಪುಡಿ. ಮೂರು ದಿನವೂ ತಟ್ಟೆ ಬಳಿದಿಟ್ಟ ಹಾಗೆ ಖಾಲಿ.

ಬುಧವಾರ ಮಧ್ಯಾಹ್ನ ಎರಡಕ್ಕೇ ಬಾಗಿಲು ಸದ್ದಾಯಿತು. ಬುಗುರಿ ಒಳಗೆ ಬಂದು ಚೀಲದಿಂದ ಬಟ್ಟೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಕಡುಗೆಂಪು ಬಟ್ಟೆ. ಒಂದು ಮಗ್ಗುಲು ಮಿರಿಮಿರಿ, ಇನ್ನೊಂದು ಮಗ್ಗುಲು ಮಂಕು.

“ಏನೇ ಇದು?”

“ತೋಳು.”

“ಚೆನ್ನಾಗಿದೆಯಲ್ಲ!”

“ಎಡಗೈ ತೋಳು ಅಪ್ಪಾ. ನೂರಿಪ್ಪತ್ತು ತೋಳು ಕತ್ತರಿಸಿದೆ. ನೂರಿಪ್ಪತ್ತೂ ಎಡಗೈದೇ.”

ಡ್ರೈವರಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅವಳು ಎರಡು ಕಾಗದ ಹಿಡಿದು ತೋರಿಸಿದಳು. ಬಟ್ಟೆ ಹಾಸುವಾಗ ಒಂದು ಪದರದ ಮಿರುಗುವ ಮಗ್ಗುಲು ಮೇಲೆ ಬಂದರೆ, ಅದರ ಮೇಲಿನ ಪದರದ ಮಿರುಗು ಕೆಳಗೆ ಬರಬೇಕು. ಆಗ ಒಂದೇ ಏಟಿಗೆ ಎಡ ಬಲ ಎರಡೂ ಬೀಳುತ್ತವೆ. ಅವಳು ಹಾಸುತ್ತಿದ್ದಾಗ ಕಿಟಕಿಯಾಚೆ ಒಂದು ಲಾರಿ ನಿಂತಿತು. ಲಾರಿಯಲ್ಲಿ ಏನಿದೆಯೆಂದು ನೋಡಿದಳು. ಆಮೇಲೆ ಭುಜದ ಪಟ್ಟಿಗೆ ಬೇರೆ ನಮೂನೆ ಹೊಳೆಯಿತು. ಅದನ್ನು ಗೀಚುತ್ತಲೇ ಕೈ ತನ್ನಷ್ಟಕ್ಕೆ ಹಾಸುತ್ತ ಹೋಯಿತು. ನಲವತ್ತು ಪದರ, ಪದರಕ್ಕೆ ಮೂರು ತೋಳು, ಎಲ್ಲದರ ಮಿರುಗುವ ಮುಖವೂ ಮೇಲಕ್ಕೆ. ಕೋಟು ಅರವತ್ತು, ಎಡ ತೋಳು ನೂರಿಪ್ಪತ್ತು, ಬಲ ತೋಳು ಒಂದೂ ಇಲ್ಲ.

“ಬೇರೆ ಬಟ್ಟೆ ತರಿಸಿದ್ರೆ?”

“ಆ ಬಣ್ಣದ ಬಟ್ಟೆ ಥಾನು ಮುಗಿದಿದೆ. ಮತ್ತೆ ಬಣ್ಣ ಹಾಕಿದ್ರೆ ಬೇರೆ ಕೆಂಪು ಬರುತ್ತೆ. ಬ್ಯಾಂಡಿನವರು ಒಂದೊಂದು ತೋಳು ಒಂದೊಂದು ಬಣ್ಣ ಹಾಕ್ಕೊಂಡು ಊದ್ತಾರಾ?” ಅವಳು ಆ ತೋಳನ್ನು ಮಡಚಿ ಪಕ್ಕಕ್ಕೆ ತಳ್ಳಿದಳು. “ಮೇಷ್ಟ್ರು ಬೈಲಿಲ್ಲ ಅಪ್ಪಾ. ‘ಮನೆಗೆ ಹೋಗು’ ಅಂದ್ರು. ಶನಿವಾರ ಹೊರಗಿನವರು ಬಂದು ಮೇಜು ನೋಡ್ತಾರಂತೆ.”

ಹೆಂಡತಿ ಕೆಲಸದಿಂದ ಬಂದಾಗ ಈ ಸುದ್ದಿ ಕೇಳಿ ಚೀಲ ಕೆಳಗಿಡುವುದನ್ನೂ ಮರೆತಳು. “ಅಷ್ಟು ಮೊಟ್ಟೆ ತಿಂದು ಹೀಗೆ ಮಾಡ್ತಾರಾ? ಎಲ್ಲಿತ್ತೇ ನಿನ್ನ ಗಮನ?”

“ಇವಳನ್ನ ಬೈಬೇಡ,” ಎಂದರು ಡ್ರೈವರು. “ನಿಲ್ದಾಣ ತೆಗೆದವನು ನಾನು.”

“ನಾನೂ ಹೂಂ ಅಂದೆನಲ್ಲ,” ಎಂದಳು ಹೆಂಡತಿ, ಚೀಲ ಕೆಳಗಿಡುತ್ತ.

“ನುಂಗದೇ ಇದ್ದವಳು ನಾನು,” ಎಂದಳು ಬುಗುರಿ.

“ತಪ್ಪು ಹಂಚ್ಕೊಂಡಿದ್ದು ಆಯ್ತಲ್ಲ,” ಎಂದಳು ಅಜ್ಜಿ ಕುರ್ಚಿಯಿಂದ. “ಈಗ ಆ ಡಾಕ್ಟ್ರಮ್ಮನಿಗೆ ಫೋನ್ ಮಾಡಿ. ಇವತ್ತು ಭಾನುವಾರ ಅಲ್ಲ.”

ಡ್ರೈವರೇ ಫೋನ್ ಹಿಡಿದು, ಒಂದನ್ನೂ ಮುಚ್ಚಿಡದೆ ಹೇಳಿದರು. ಕೊನೆಗೆ, “ಡಾಕ್ಟ್ರೇ, ಬಿಟ್ಟಿದ್ದು ಮೂರು ಮಾತ್ರೆ. ನಾಳೆ ಮೂರೂ ಒಟ್ಟಿಗೆ ಕೊಡಲಾ?” ಎಂದರು.

ಆ ಕಡೆಯಿಂದ ಡಾಕ್ಟ್ರಮ್ಮನ ದನಿ ಕೋಣೆಗೆಲ್ಲ ಕೇಳಿಸಿತು. “ನೀವು ಬಸ್ಸು ಓಡಿಸಿದವರು ತಾನೇ? ಮೂರು ದಿನ ಬಸ್ಸು ತಪ್ಪಿದ್ರೆ ನಾಲ್ಕನೇ ದಿನ ಒಬ್ಬ ಪ್ರಯಾಣಿಕನ್ನ ನಾಲ್ಕು ಬಸ್ಸಿಗೆ ಹತ್ತಿಸ್ತೀರಾ? ಒಂದು. ದಿನಕ್ಕೆ ಒಂದೇ. ಮೊದಲು ತಿಂಡಿ, ಆಮೇಲೆ ಮಾತ್ರೆ. ತಿಂಡಿ ಒಳ್ಳೆ ಕೆಲಸ ಮಾಡ್ತಿತ್ತು, ಅದನ್ನೂ ಬಿಡಬೇಡಿ. ಮತ್ತೆ ಇನ್ನೊಂದು ಸಲ ಏನಾದ್ರೂ ರದ್ದು ಮಾಡೋ ಮನಸ್ಸಾದ್ರೆ ಮೊದಲು ನನಗೆ ಅರ್ಜಿ ಹಾಕಿ.”

ಬುಗುರಿ ಮಧ್ಯಾಹ್ನದಿಂದ ಮೊದಲ ಸಲ ನಕ್ಕಳು.

ಗುರುವಾರ ಬೆಳಗ್ಗೆ ಹಳೇ ರಟ್ಟಿನ ಜಾಗದಲ್ಲಿ ಹೊಸ ರಟ್ಟು ಇತ್ತು. ಎರಡು ಮೊಟ್ಟೆ, ಕಾಳು, ಹಾಲು. ಆರೂ ನಲವತ್ತಕ್ಕೆ ಮಾತ್ರೆ. ಕಾರ್ಖಾನೆಗೆ ಹೋಗುವ ಧೈರ್ಯವಿಲ್ಲದೆ ಬುಗುರಿ ಅಲ್ಲೇ ಮೇಜಿನ ಮುಂದೆ ಕೂತು ಆ ತೋಳಿನ ಮೇಲೆ ಕೈಯಾಡಿಸುತ್ತಿದ್ದಳು. ಏಳೂ ಕಾಲಾಯಿತು, ಏಳೂವರೆಯಾಯಿತು. ಇದ್ದಕ್ಕಿದ್ದಂತೆ ಕೈ ನಿಂತಿತು.

“ಅಪ್ಪಾ, ಪೇಪರ್! ಹಳೇ ಪೇಪರ್ ಎಲ್ಲಾ ತಗೊಂಡು ಬಾ! ಅಮ್ಮಾ, ನೀನು ಇವತ್ತು ತಡವಾಗಿ ಹೋಗು!”

“ಯಾಕೇ? ಏನಾಯ್ತೇ?”

“ಕಾಲರ್ ಇನ್ನೂ ಕತ್ತರಿಸಿಲ್ಲ! ಜೇಬಿನ ಮುಚ್ಚಳ, ಭುಜದ ಪಟ್ಟಿ, ಯಾವುದೂ ಕತ್ತರಿಸಿಲ್ಲ! ಅವುಕ್ಕೆ ಅಂತ ಥಾನಿನ ಕೊನೆ ತುಂಡು ಎತ್ತಿಟ್ಟಿದೀವಿ. ಆ ತುಂಡಲ್ಲಿ ಬಲಗೈ ತೋಳು ಕತ್ತರಿಸಿ, ಹೆಚ್ಚಾದ ಎಡಗೈ ತೋಳಲ್ಲಿ ಈ ಸಣ್ಣ ಸಾಮಾನೆಲ್ಲ ತೆಗೆದ್ರೆ?”

ಐದೇ ನಿಮಿಷದಲ್ಲಿ ಹೊರಕೋಣೆಯ ಕುರ್ಚಿಗಳು ಗೋಡೆ ಸೇರಿದವು. ಬುಗುರಿ ಪೇಪರಿನಲ್ಲಿ ಅಳತೆಗೆ ಸರಿಯಾಗಿ ತೋಳು ಕತ್ತರಿಸಿ ಅದರ ಮೇಲೆ ಕಾಲರ್, ಮುಚ್ಚಳ, ಪಟ್ಟಿಗಳನ್ನು ಇಟ್ಟು ನೋಡಿದಳು. ಮುಚ್ಚಳ ಕೂತಿತು. ಪಟ್ಟಿ ಕೂತಿತು. ಮೇಲಿನ ಕಾಲರೂ ಓರೆಯಾಗದೆ ಉದ್ದಕ್ಕೆ ಕೂತಿತು. ಒಳಕಾಲರ್ ಮಾತ್ರ ಎರಡು ಬೆರಳು ಹೊರಗೆ.

“ಆಗಲ್ಲ,” ಎಂದು ಅವಳು ಹಿಮ್ಮಡಿಯ ಮೇಲೆ ಕುಸಿದಳು. “ಎರಡು ಬೆರಳು!”

ಹೆಂಡತಿ ಬಗ್ಗಿ ನೋಡಿದಳು. “ಒಳಕಾಲರಿಗೆ ನಡುವೆ ಒಂದು ಹೊಲಿಗೆ ಹಾಕಿದ್ರೆ ಏನು ಹೋಗುತ್ತೆ? ಎರಡು ತುಂಡಲ್ಲಿ ತೆಗಿ.”

“ಕಾಣುತ್ತಲ್ಲಮ್ಮ!”

“ಯಾರಿಗೆ ಕಾಣುತ್ತೆ? ಕಾಲರ್ ಮಡಚಿದ ಮೇಲೆ ಒಳಗಿಂದನ್ನ ನೋಡೋದು ಕೋಟಿನ ಬೆನ್ನು ಒಂದೇ. ಮೂವತ್ತು ವರ್ಷದಲ್ಲಿ ಎಷ್ಟು ಕೋಟಿನ ಕಾಲರ್ ಎತ್ತಿ ಇಸ್ತ್ರಿ ಹಾಕಿದೀನಿ. ದೊಡ್ಡ ದೊಡ್ಡವರ ಕೋಟಲ್ಲೇ ನಡುವೆ ಹೊಲಿಗೆ ಇರುತ್ತೆ. ಹಾಗಿದ್ರೇನೇ ಕಾಲರ್ ಕತ್ತಿಗೆ ಚೆನ್ನಾಗಿ ಕೂರೋದು.”

ಬುಗುರಿ ಒಳಕಾಲರನ್ನು ಎರಡಾಗಿ ಹರಿದು ಇಟ್ಟಳು. ಎರಡೂ ಕೂತವು, ಒಂದು ಬೆರಳು ಜಾಗ ಮಿಕ್ಕಿತು.

“ಅಮ್ಮಾ!” ಎಂದು ಅವಳು ತಾಯಿಯ ಕೊರಳಿಗೆ ಜೋತುಬಿದ್ದಳು.

“ಬಿಡೇ, ಸೀರೆ ಸುಕ್ಕಾಗುತ್ತೆ. ಇಸ್ತ್ರಿಯವಳು ಸುಕ್ಕು ಸೀರೆ ಉಟ್ಕೊಂಡು ಹೋದ್ರೆ ಯಾರಾದ್ರೂ ಬಟ್ಟೆ ಕೊಡ್ತಾರಾ?” ಎನ್ನುತ್ತಲೇ ತಾಯಿ ಕಣ್ಣೊರೆಸಿಕೊಂಡಳು.

ಕಾರ್ಖಾನೆಗೆ ಡ್ರೈವರೂ ಜೊತೆಗೆ ಹೋದರು, ಬೇಡವೆಂದರೂ ಕೇಳಲಿಲ್ಲ. ಸಾಲು ಸಾಲು ಹೊಲಿಗೆ ಮಷೀನುಗಳ ಸದ್ದಿನ ನಡುವೆ ಉದ್ದ ಮೇಜಿನ ಆಚೆ ಕತ್ತರಿ ಮೇಷ್ಟ್ರು ಕನ್ನಡಕ ಹಣೆಗೇರಿಸಿ ನಿಂತಿದ್ದರು.

“ಮೇಷ್ಟ್ರೇ, ತಪ್ಪು ನಂದು,” ಎಂದು ಡ್ರೈವರು ಶುರು ಮಾಡಿದರು. “ಡಾಕ್ಟ್ರು ಕೊಟ್ಟ ಮಾತ್ರೇನ ನಾನೇ—”

“ಅಪ್ಪಾ, ನನ್ನ ಕೆಲಸ ನಾನು ಹೇಳ್ತೀನಿ,” ಎಂದಳು ಬುಗುರಿ. ಮೇಷ್ಟ್ರ ಮುಂದೆ ಪೇಪರಿನ ತೋಳು ಬಿಚ್ಚಿ, ತುಂಡುಗಳನ್ನು ಒಂದೊಂದಾಗಿ ಜೋಡಿಸಿದಳು. ಮಾತು ಹೆಚ್ಚಿಲ್ಲ. ಮೇಷ್ಟ್ರು ಕನ್ನಡಕ ಇಳಿಸಿದರು. ಬಗ್ಗಿದರು. ಒಂದು ತುಂಡನ್ನು ತಿರುಗಿಸಿ ಇಟ್ಟರು. ಅವಳು ಅದನ್ನು ಮತ್ತೆ ಮೊದಲಿನಂತೆ ಇಟ್ಟಳು.

“ಯಾಕೆ?”

“ಹಾಗಿಟ್ರೆ ಮಿರುಗು ಅಡ್ಡ ಬರುತ್ತೆ ಮೇಷ್ಟ್ರೇ. ಬೆಳಕಿಗೆ ಬೇರೆ ಬಣ್ಣ ಕಾಣುತ್ತೆ.”

ಮೇಷ್ಟ್ರು ಅವಳನ್ನು ನೋಡಿದರು, ಪೇಪರನ್ನು ನೋಡಿದರು. “ಶನಿವಾರ ಹನ್ನೆರಡರ ಒಳಗೆ ಅರವತ್ತು ಬಲ ತೋಳು. ಹೊರಗಿನವರು ಬರೋದಕ್ಕೆ ಮುಂಚೆ,” ಎಂದರು. “ಥಾನಿನ ತುಂಡು ಒಂದೇ ಇರೋದು. ಈ ಸಲ ತಪ್ಪಿದ್ರೆ ಬ್ಯಾಂಡಿನವರು ಬನಿಯನ್ನಲ್ಲೇ ಊದಬೇಕು.”

ಆಮೇಲಿನ ಎರಡೂವರೆ ದಿನ ಆ ಮನೆ ರೈಲು ನಿಲ್ದಾಣದ ಹಾಗಿತ್ತು. ಐದೂ ಐವತ್ತಕ್ಕೆ ಒಲೆ ಹೊತ್ತುತ್ತಿತ್ತು. ಅಜ್ಜಿಯ ಪದ್ಯ ಹೊರಡುತ್ತಿತ್ತು. ಬುಗುರಿ ತಿನ್ನುತ್ತಿದ್ದಳು, ಯಾರೂ ಹೇಳದೆಯೇ, ಅಗಿದು ಅಗಿದು, ತೋಳಿನ ಮಾತೇ ಆಡುತ್ತ. ಗುರುವಾರ ಹಾಸಿದ್ದು, ಬಿಚ್ಚಿದ್ದು, ಮತ್ತೆ ಹಾಸಿದ್ದು. ಶುಕ್ರವಾರ ಗೆರೆ. ಪ್ರತಿ ಪದರಕ್ಕೂ ಅವಳು ಬಾಯಿಬಿಟ್ಟು “ಮುಖ ಮೇಲೆ” ಎಂದಳಂತೆ. ಈ ಸಲ ಬಲಗೈಯೇ ಬೇಕಾದ್ದರಿಂದ ಎಲ್ಲದರ ಮುಖ ಮೇಲೇ ಇರಬೇಕು, ನಮೂನೆ ಮಾತ್ರ ಮಗುಚಿರಬೇಕು. ನಮೂನೆಯ ಬೆನ್ನಿಗೆ ದೊಡ್ಡದಾಗಿ ‘ಬಲ’ ಎಂದು ಬರೆದು, ಸಾಲದೆಂದು ಪಕ್ಕದ ಮಷೀನಿನವಳನ್ನು ಕರೆದು ಓದಿಸಿದಳಂತೆ. “ಮೊದಲಾಗಿದ್ರೆ ನಾಚಿಕೆ ಆಗ್ತಿತ್ತು,” ಎಂದಳು ಶುಕ್ರವಾರ ಸಂಜೆ. “ಈಗ ಕೇಳಿದೆ, ಅಷ್ಟೇ. ಮಾತ್ರೆ ಇದ್ರೂ ತಿಂಡಿ ಇದ್ರೂ ಇನ್ನೊಂದು ಜೊತೆ ಕಣ್ಣು ಇರಲಿ ಅನ್ನಿಸ್ತು.”

ಶನಿವಾರ ಹನ್ನೊಂದೂವರೆಗೆ ಡ್ರೈವರು ಕಾರ್ಖಾನೆಯ ಬಾಗಿಲಲ್ಲಿ ಇದ್ದರು. ಒಬ್ಬರೇ ಅಲ್ಲ, ಅರ್ಧ ದಿನ ರಜೆ ಹಾಕಿದ ಹೆಂಡತಿ ಒಂದು ಪಕ್ಕ, ಆಟೋ ಇಳಿದು ಬಂದ ಅಜ್ಜಿ ಇನ್ನೊಂದು ಪಕ್ಕ. ಒಳಗೆ ಮಷೀನುಗಳೆಲ್ಲ ನಿಂತಿದ್ದವು. ಮೇಜಿನ ಮೇಲೆ ಕೆಂಪು ತೋಳುಗಳ ಗುಡ್ಡೆ. ಮೇಷ್ಟ್ರು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಪಕ್ಕಕ್ಕೆ ಹಾಕುತ್ತಿದ್ದರು.

“ಐವತ್ತೆಂಟು... ಐವತ್ತೊಂಬತ್ತು...”

ಡ್ರೈವರು ಹೆಂಡತಿಯ ಕೈ ಹಿಡಿದರು. ನಾಲ್ಕು ಜನರೆದುರು ಅವರು ಹಾಗೆ ಹಿಡಿದದ್ದು ಮದುವೆಯಾದ ವರ್ಷ ಇದ್ದಿರಬೇಕು.

“ಅರವತ್ತು.”

ಮೇಷ್ಟ್ರು ಆ ಕೊನೆಯ ತೋಳನ್ನು ಕೆಳಗಿಡಲಿಲ್ಲ. ಹೊಲಿಗೆಯವಳಿಗೆ ಕೊಟ್ಟು ಎಡ ಬಲ ಎರಡನ್ನೂ ಒಂದು ಕೋಟಿನ ಮೈಗೆ ದೊಡ್ಡ ದೊಡ್ಡ ದಾರದಲ್ಲಿ ಹಚ್ಚಿಸಿದರು. ಕೋಟನ್ನು ತಾವೇ ಹಾಕಿಕೊಂಡರು. ಎಪ್ಪತ್ತರ ಮುದುಕ, ಕಡುಗೆಂಪು ಕೋಟು. ಎರಡೂ ಕೈಯನ್ನು ಬ್ಯಾಂಡಿನ ಯಜಮಾನನ ಹಾಗೆ ಮೇಲೆತ್ತಿ, ಇಳಿಸಿ, ಮತ್ತೆ ಎತ್ತಿದರು. ತೋಳು ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಸುಕ್ಕಾಗಲಿಲ್ಲ. ಹೊಲಿಗೆಯವರೆಲ್ಲ ಹೋ ಎಂದು ಕೂಗಿ ಚಪ್ಪಾಳೆ ಹೊಡೆದರು. ಅಜ್ಜಿ ಯಾವುದೋ ಪದ್ಯದ ನಡುವಿನ ಸಾಲನ್ನು ಗಟ್ಟಿಯಾಗಿಯೇ ಹೇಳಿಬಿಟ್ಟಳು.

“ಹೊರಗಿನವರು ಬಂದ್ರೆ ಚಹಾ ಕುಡಿಸಿ ಕಳಿಸಿ,” ಎಂದರು ಮೇಷ್ಟ್ರು, ಕೋಟು ಕಳಚುತ್ತ. “ಸೋಮವಾರದಿಂದ ಬಟ್ಟೆ ವಿಷಯ ಏನಿದ್ರೂ ಇವಳನ್ನ ಕೇಳಿ. ನನ್ನನ್ನಲ್ಲ.”

ಡ್ರೈವರಿಗೆ ತಡೆಯಲಾಗಲಿಲ್ಲ. “ಮಗಳೇ!” ಎಂದು ಕೂಗುತ್ತ ಮಷೀನುಗಳ ನಡುವೆ ದಾರಿ ಮಾಡಿಕೊಂಡು ಓಡಿದರು. ಬುಗುರಿ ತಿರುಗಿ ನೋಡಲಿಲ್ಲ. ಮೇಜಿನ ತುದಿಯಲ್ಲಿ ಬಗ್ಗಿ, ಹೆಚ್ಚಾದ ಎಡ ತೋಳುಗಳನ್ನು ಕಾಲರಿಗೆಂದು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಒಂದು ಕೈ ಬಟ್ಟೆಯ ಮೇಲೇ ಇತ್ತು. ಇನ್ನೊಂದು ಕೈಯನ್ನು ಎತ್ತಿ ಅಪ್ಪನನ್ನು ಅಲ್ಲೇ ನಿಲ್ಲಿಸಿದಳು.

“ಒಂದು ನಿಮಿಷ ಸುಮ್ನಿರು ಅಪ್ಪಾ. ಎಣಿಸ್ತಿದೀನಿ.”